ಓಮ್ರಾನ್ ಎಚ್‌ಇಎಂ-7120: ತಪ್ಪು ಮಿಷನ್ನಿನದೋ, ಕೂತ ರೀತಿಯದೋ?

ಓಮ್ರಾನ್ ಎಚ್‌ಇಎಂ-7120ಯಂಥ ಡಿಜಿಟಲ್ ಬಿಪಿ ಮಿಷನ್ ಮನೆಗೆ ಬಂದ ಮೊದಲ ವಾರದಲ್ಲೇ ಅದರ ಮೇಲೆ ಅಪವಾದ ಬರುತ್ತದೆ. ಮೊದಲು 152, ಎರಡು ನಿಮಿಷ ಬಿಟ್ಟರೆ 141, ಇನ್ನೊಮ್ಮೆ ನೋಡಿದರೆ 138. "ಇದಕ್ಕೆ ಒಂದು ಮಾತಿಲ್ಲ, ಡಾಕ್ಟರ ಹತ್ರ ಇರೋ ಪಾದರಸದ್ದೇ ಸರಿ" ಎಂದು ಹಿರಿಯರು ತೀರ್ಪು ಕೊಟ್ಟರೆ ಡಬ್ಬ ಬೀರು ಹತ್ತಿತು ಎಂದೇ ಲೆಕ್ಕ. ಆದರೆ ರಕ್ತದೊತ್ತಡ ಬಡಿತದಿಂದ ಬಡಿತಕ್ಕೆ ಬದಲಾಗುವಂಥದ್ದು. ಮೊದಲ ರೀಡಿಂಗ್ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಮೂರು ಸಲವೂ ಒಂದೇ ಅಂಕಿ ಬಂದಿದ್ದರೆ ಆಗ ಅನುಮಾನ ಪಡಬೇಕಿತ್ತು.

ಪಾದರಸದ ಕಾಲವೂ ಮುಗಿಯುತ್ತಿದೆ. 2013ರ ಮಿನಾಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. ಪಾದರಸದ ಉಪಕರಣಗಳನ್ನು ಹಂತಹಂತವಾಗಿ ಕೈಬಿಡುವುದು ಅದರ ಭಾಗ. ಪಾದರಸದ ಮಿಷನ್ನಿನಲ್ಲಿ ಡಾಕ್ಟರು ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳಿ ಬಿಪಿಯ ಮೇಲಿನ ಅಂಕಿ, ಕೆಳಗಿನ ಅಂಕಿ ಹೇಳುತ್ತಿದ್ದರು. ಡಿಜಿಟಲ್ ಮಿಷನ್ ಸದ್ದು ಕೇಳುವುದಿಲ್ಲ. ತೋಳಿಗೆ ಕಟ್ಟಿದ ಪಟ್ಟಿಯ ಗಾಳಿ ಇಳಿಯುವಾಗ ರಕ್ತನಾಳದ ಅದುರಾಟವನ್ನು ಅಳೆದು, ಎರಡೂ ಅಂಕಿಗಳನ್ನು ಲೆಕ್ಕ ಹಾಕಿ ತೋರಿಸುತ್ತದೆ. ಆ ಲೆಕ್ಕದ ಸೂತ್ರ ಕಂಪನಿಯಿಂದ ಕಂಪನಿಗೆ ಬೇರೆ. ಪಕ್ಕದ ಮನೆಯವರ ಮಿಷನ್ ನಾಲ್ಕೈದು ಪಾಯಿಂಟ್ ಬೇರೆ ತೋರಿಸಿದರೆ ಜಗಳ ಬೇಡ.

ಎಚ್‌ಇಎಂ-7120 ಸರಳ ಮಾದರಿ. ಒಂದು ಗುಂಡಿ, ದೊಡ್ಡ ಅಂಕಿಗಳು, ನಾಲ್ಕು ಎಎ ಸೆಲ್. ಅಡಾಪ್ಟರ್ ಬೇಕಾದರೆ ಬೇರೆ ಕೊಳ್ಳಬೇಕು. ಅದು ಕಂಪನಿಯದ್ದೇ ಆಗಿರಲಿ, ಮನೆಯಲ್ಲಿ ಬಿದ್ದಿರುವ ಯಾವುದೋ ಪಿನ್ ಹೊಂದಿತೆಂದು ಸಿಕ್ಕಿಸಬಾರದು. ಮೊಬೈಲ್ ಆ್ಯಪ್, ಬ್ಲೂಟೂತ್ ಇಲ್ಲದಿರುವುದನ್ನು ಕೊರತೆ ಎನ್ನುವುದಕ್ಕಿಂತ ಗುಣ ಎನ್ನಬೇಕು. ಎಪ್ಪತ್ತು ದಾಟಿದವರು ಯಾರ ಸಹಾಯವೂ ಇಲ್ಲದೆ ಬಳಸಲು ಆ ಒಂದು ಗುಂಡಿಯೇ ಕಾರಣ.

ನಿಜವಾದ ತಕರಾರು ಪಟ್ಟಿಯಲ್ಲಿದೆ. ಜೊತೆಗೆ ಬರುವ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ ಮಾತ್ರ. ಕೊಳ್ಳುವ ಮೊದಲು ಭುಜಕ್ಕೂ ಮೊಣಕೈಗೂ ನಡುವೆ ದರ್ಜಿಯ ಟೇಪ್ ಸುತ್ತಿ ನೋಡಿ. 34 ಬಂದರೆ ಈ ಪಟ್ಟಿ ನಿಮಗಲ್ಲ, ದೊಡ್ಡ ಪಟ್ಟಿಯ ಮಾದರಿ ಕೇಳಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಮೇಲಿನ ಅಂಕಿ 5ರಿಂದ 20ರವರೆಗೆ ಹೆಚ್ಚು ಬರಬಹುದು. ಇಲ್ಲದ ಬಿಪಿಗೆ ಮಾತ್ರೆ ಶುರುವಾಗಲು ಅಷ್ಟು ಸಾಕು. ಅಂಗಡಿಯಲ್ಲಿ ಇದನ್ನು ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ.

ಕಟ್ಟುವಾಗ ಪಟ್ಟಿಯ ಕೆಳಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಲಿ, ಕೊಳವೆ ಒಳಗೈಯ ಕಡೆಗೆ ಇಳಿದಿರಲಿ, ಒಂದು ಬೆರಳು ತೂರುವಷ್ಟು ಬಿಗಿ ಸಾಕು. ಸ್ವೆಟರ್ ಮೇಲೆ ಕಟ್ಟಬೇಡಿ. ಅಂಗಿಯ ತೋಳನ್ನು ಬಿಗಿಯಾಗಿ ಮೇಲಕ್ಕೆ ಮಡಚಿ ಕಟ್ಟುವುದೂ ತಪ್ಪೇ.

ಇನ್ನು ಕೂರುವ ವಿಷಯ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಕೈಯನ್ನು ತೊಡೆಯ ಮೇಲಿಟ್ಟು ನೋಡುವುದು ನಮ್ಮ ಮನೆಗಳ ಪದ್ಧತಿ. ಪಟ್ಟಿ ಎದೆಯ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಸುಮಾರು 8 ಪಾಯಿಂಟ್ ಹೆಚ್ಚು ಬರುತ್ತದೆ. ಸೋಫಾದಲ್ಲಿ ಕೂತು ಗಿಡ್ಡ ಟೀಪಾಯಿಯ ಮೇಲೆ ಕೈ ಇಟ್ಟರೂ ಇದೇ ಕಥೆ. ಊಟದ ಮೇಜಿನ ಕುರ್ಚಿ ಒಳ್ಳೆಯದು: ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಕಾಲ ಮೇಲೆ ಕಾಲಿಲ್ಲ, ಕೈ ತಗ್ಗಾದರೆ ಕೆಳಗೊಂದು ದಿಂಬು. ಕಾಫಿ, ಬೀಡಿ, ನಡಿಗೆ ಮುಗಿದು ಅರ್ಧ ಗಂಟೆ ಆಗಿರಲಿ. ಮೂತ್ರಕ್ಕೆ ಹೋಗಿ ಬಂದು ಐದು ನಿಮಿಷ ಸುಮ್ಮನೆ ಕೂರಬೇಕು. ಗಾಳಿ ತುಂಬುತ್ತಿರುವಾಗ "ನೋಡೋ ಮಗಾ, ಎಷ್ಟು ಬಿಗಿ ಹಿಡೀತಿದೆ" ಎಂದರೂ ಅಂಕಿ ಏರುತ್ತದೆ.

ಮೊದಲ ದಿನ ಎರಡೂ ಕೈ ನೋಡಿ, ಹೆಚ್ಚು ಬಂದ ಕೈಯಲ್ಲೇ ಮುಂದುವರಿಸಿ. ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಡುವು, ಹೀಗೆ ಏಳು ದಿನ. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಮುಟ್ಟಿದರೆ ಅದನ್ನು ಹೆಚ್ಚು ಎಂದೇ ಪರಿಗಣಿಸುತ್ತಾರೆ. ಆಸ್ಪತ್ರೆಯ 140/90 ಗೆರೆ ಮನೆಗೆ ಅನ್ವಯಿಸದು.

ಮಿಷನ್ನನ್ನು ನಂಬದವರಷ್ಟೇ ಅತಿಯಾಗಿ ನಂಬುವವರೂ ತೊಂದರೆಗೆ ಸಿಲುಕುತ್ತಾರೆ. ಎರಡು ದಿನ 120 ಬಂತೆಂದು ಮಾತ್ರೆ ಬಿಡುವುದು ದೊಡ್ಡ ತಪ್ಪು, ಆ 120 ಬಂದದ್ದೇ ಮಾತ್ರೆಯಿಂದ ಇರಬಹುದು. ಎದೆಬಡಿತದ ಲಯ ತಪ್ಪಿರುವವರಲ್ಲಿ (ಡಾಕ್ಟರು 'ಎಎಫ್' ಎಂದಿದ್ದರೆ) ಅದುರಾಟದ ಲೆಕ್ಕ ಏರುಪೇರಾಗುತ್ತದೆ. ಅವರು ಡಾಕ್ಟರನ್ನು ಕೇಳಿಯೇ ಬಳಸಬೇಕು.

ಅನುಮಾನ ಉಳಿದರೆ ಮಿಷನ್ನನ್ನೇ ಕ್ಲಿನಿಕ್ಕಿಗೆ ಒಯ್ಯಿರಿ. ಒಂದೇ ಕೈಯಲ್ಲಿ ನಿಮ್ಮದರಲ್ಲೊಮ್ಮೆ, ಕ್ಲಿನಿಕ್ಕಿನದರಲ್ಲೊಮ್ಮೆ ನೋಡಿ. 5 ಪಾಯಿಂಟಿನೊಳಗಿನ ವ್ಯತ್ಯಾಸ ಸಹಜ, ಪದೇ ಪದೇ 10 ದಾಟಿದರೆ ಸರ್ವೀಸಿಗೆ ಕೊಡಿ. ಎರರ್ ಬರುತ್ತಿದ್ದರೆ ಮೊದಲು ಸೆಲ್ ಬದಲಿಸಿ, ಕೊಳವೆ ಮಡಚಿದೆಯೇ ನೋಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ. ಸೋರಿದರೆ ಒಳಗಿನ ಸ್ಪ್ರಿಂಗ್ ಹಸಿರುಗಟ್ಟುತ್ತದೆ.

ಈ ಮಾದರಿಯ ದೊಡ್ಡ ಕೊರತೆ ನೆನಪಿನದು: ಕೊನೆಯ ರೀಡಿಂಗ್ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಗೋಡೆಯ ಕ್ಯಾಲೆಂಡರಿಗೆ ದಾರದಲ್ಲಿ ಪೆನ್ನು ಕಟ್ಟಿ, ಆಯಾ ದಿನದ ಚೌಕದಲ್ಲಿ ಹೊತ್ತು, ಮೇಲಿನದು, ಕೆಳಗಿನದು, ನಾಡಿ ಬರೆಯಿರಿ. ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆಯನ್ನೇ ಹರಿದುಕೊಂಡು ಹೋದರಾಯಿತು.