ಬಯಾಲಜಿ ರಿವಿಷನ್: ಮತ್ತೆ ಓದುವುದಾ, ಫ್ಲ್ಯಾಶ್‌ಕಾರ್ಡಾ, ಖಾಲಿ ಹಾಳೆಯಾ?

ಫೈನಲ್ ಪರೀಕ್ಷೆಗೆ ಮುಂಚೆ ಹೈಸ್ಕೂಲ್ ಬಯಾಲಜಿಯನ್ನು ಇನ್ನೊಮ್ಮೆ ತಿರುವಿಹಾಕಲು ನಾನು ನಾಲ್ಕು ದಾರಿ ಹಿಡಿದು ನೋಡಿದ್ದೇನೆ: ನೋಟ್ಸ್ ಮತ್ತೆ ಓದುವುದು, ಫ್ಲ್ಯಾಶ್‌ಕಾರ್ಡ್, ಪುಸ್ತಕ ಮುಚ್ಚಿ ಖಾಲಿ ಹಾಳೆಯ ಮೇಲೆ ಬರೆಯುವುದು, ಹಳೆ ಪ್ರಶ್ನೆಪತ್ರಿಕೆ ಬಿಡಿಸುವುದು. ಒಂದನ್ನೇ ಆರಿಸು ಅಂದರೆ ಖಾಲಿ ಹಾಳೆ ಅಂತೀನಿ. ಆದರೆ ಎಲ್ಲ ಪಾಠಕ್ಕೂ ಅದೇ ಸರಿಹೋಗುವುದಿಲ್ಲ.

ಮತ್ತೆ ಓದುವುದು ಎಲ್ಲಕ್ಕಿಂತ ಸುಲಭ, ಅದೇ ಅದರ ತೊಂದರೆ. ಕಣ್ಣು ಸಾಲಿನ ಮೇಲೆ ಓಡುವಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ, ಮುಚ್ಚಿ ಕೇಳಿದರೆ ಬಾಯಿಗೆ ಬರುವುದಿಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿದ್ದರು: ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು, ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಮುಂದಿದ್ದರು. ಪಾಠ ಅರ್ಥವೇ ಆಗಿಲ್ಲ ಅಂದರೆ ಮಾತ್ರ ನಾನು ಓದಲು ಕೂರುತ್ತೇನೆ.

ಫ್ಲ್ಯಾಶ್‌ಕಾರ್ಡ್ ಹೆಸರುಗಳಿಗೆ ಬಲು ಚೆನ್ನಾಗಿದೆ. ಕೋಶದ ಭಾಗಗಳು, ಹಾರ್ಮೋನುಗಳು, ಕಿಣ್ವಗಳು. ‘ಮೈಟೋಕಾಂಡ್ರಿಯಾ ಅಂದರೇನು’ ಅಂತ ಬರೆದ ಕಾರ್ಡಿನಿಂದ ಜಾಸ್ತಿ ಏನೂ ಸಿಗುವುದಿಲ್ಲ, ‘ದ್ಯುತಿಸಂಶ್ಲೇಷಣೆಯಲ್ಲಿ ಹೊರಬರುವ ಆಮ್ಲಜನಕ ಯಾವುದರಿಂದ?’ ಅಂತ ಬರೆದರೆ ತಲೆ ಓಡುತ್ತದೆ. ಉತ್ತರ ನೀರು. ತುಂಬಾ ಜನ ಕಾರ್ಬನ್ ಡೈಆಕ್ಸೈಡ್ ಅಂದುಕೊಂಡಿರುತ್ತಾರೆ.

ಒಂದರ ಹಿಂದೆ ಒಂದು ನಡೆಯುವ ಕ್ರಿಯೆಗಳು ಬಂದಾಗ ಕಾರ್ಡು ಸಾಲುವುದಿಲ್ಲ, ಅಲ್ಲಿ ಖಾಲಿ ಹಾಳೆ ಬೇಕು. ನಡುವೆ ಗೆರೆ ಎಳೆಯಿರಿ, ಒಂದು ಕಡೆ ದ್ಯುತಿಸಂಶ್ಲೇಷಣೆ, ಇನ್ನೊಂದು ಕಡೆ ಕೋಶದೊಳಗಿನ ಉಸಿರಾಟ, ಏನು ಒಳಗೆ ಹೋಗುತ್ತದೆ, ಏನು ಹೊರಗೆ ಬರುತ್ತದೆ, ಎಲ್ಲಿ ನಡೆಯುತ್ತದೆ ಅಂತ ನೆನಪಿನಿಂದಲೇ ತುಂಬಿಸಿ. ‘ಎಲ್ಲಿ’ ಅನ್ನುವುದೇ ಹೆಚ್ಚು ಕೈಕೊಡುತ್ತದೆ: ಉಸಿರಾಟದ ಹಂತಗಳಲ್ಲಿ ಗ್ಲೈಕೋಲಿಸಿಸ್ ಸೈಟೋಪ್ಲಾಸಂನಲ್ಲಿ, ಕ್ರೆಬ್ಸ್ ಚಕ್ರ ಮೈಟೋಕಾಂಡ್ರಿಯಾದ ಮ್ಯಾಟ್ರಿಕ್ಸ್‌ನಲ್ಲಿ, ಎಲೆಕ್ಟ್ರಾನ್ ಸಾಗಣೆ ಸರಪಳಿ ಅದರ ಒಳಪೊರೆಯಲ್ಲಿ. ಬರೆದು ಮುಗಿದ ಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ. ಆ ಬಣ್ಣದ ಭಾಗವಷ್ಟೇ ಮಾರನೇ ದಿನದ ಓದು.

ಕೋಶ ವಿಭಜನೆಯ ಎರಡು ಬಗೆಗಳಾದ ಮೈಟಾಸಿಸ್, ಮಿಯಾಸಿಸ್ ವಿಷಯದಲ್ಲಂತೂ ಚಿತ್ರ ಬಿಡಿಸದೆ ಬೇರೆ ದಾರಿಯೇ ಇಲ್ಲ ಅನ್ನುತ್ತೇನೆ. ನಾಲ್ಕೇ ವರ್ಣತಂತು ಇರುವ ಕೋಶ ಬಿಡಿಸಿ, ಮಿಯಾಸಿಸ್‌ನ ಮೊದಲ ವಿಭಜನೆಯಲ್ಲಿ ಜೋಡಿಗಳು ಬೇರೆಯಾಗುವುದನ್ನೂ ಎರಡನೆಯದರಲ್ಲಿ ಕ್ರೊಮ್ಯಾಟಿಡ್‌ಗಳು (ಒಂದೇ ವರ್ಣತಂತುವಿನ ಎರಡು ಎಳೆಗಳು) ಬೇರೆಯಾಗುವುದನ್ನೂ ಕೈಯಾರೆ ತೋರಿಸಿದರೆ, ಮನುಷ್ಯನಲ್ಲಿ 46 ವರ್ಣತಂತು ಯಾಕೆ 23 ಆಗುತ್ತದೆ ಅನ್ನುವುದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಡಿಎನ್‌ಎಯಿಂದ ಪ್ರೋಟೀನ್‌ವರೆಗಿನ ಪಾಠವೂ ಹಾಗೇ. ಒಂದು ಚಿಕ್ಕ ಸರಣಿ ಬರೆದುಕೊಂಡು ಆರ್‌ಎನ್‌ಎಗೆ ಇಳಿಸಿ, ಮೂರು ಮೂರು ಅಕ್ಷರ ಒಡೆದು ನೋಡಿ. ಇಂಥ ಕೋಡಾನ್ 64, ಅಮೈನೋ ಆಮ್ಲ 20, ಹಾಗಾದರೆ ಒಂದೇ ಆಮ್ಲಕ್ಕೆ ಹಲವು ಕೋಡಾನ್ ಇರಲೇಬೇಕು ಅಲ್ವಾ? ಹೀಗೆ ತಾನೇ ಹೊಳೆದದ್ದು ಪರೀಕ್ಷೆ ದಿನ ಮರೆಯುವುದಿಲ್ಲ.

ಖಾಲಿ ಹಾಳೆಗೆ ಸಮಯ ಜಾಸ್ತಿ ಹಿಡಿಯುತ್ತದೆ, ಅದು ನಿಜ. ಇಡೀ ಪುಸ್ತಕಕ್ಕೆ ಮಾಡಲು ಹೋಗಬೇಡಿ. ಪರಿಸರದ ಪಾಠಕ್ಕೆ ಒಂದು ಆಹಾರ ಸರಪಳಿ ಬರೆದು, ಒಂದು ಹಂತದಿಂದ ಮುಂದಿನದಕ್ಕೆ ಸುಮಾರು 10% ಶಕ್ತಿ ಮಾತ್ರ ದಾಟುತ್ತದೆ ಅಂತ ಗುರುತು ಹಾಕಿದರೆ ಮುಖ್ಯ ವಿಷಯ ಸಿಕ್ಕಂತೆ.

ಅನುವಂಶೀಯತೆಗೆ ಮಾತ್ರ ಹಳೆ ಪ್ರಶ್ನೆಪತ್ರಿಕೆಯೇ ಮೇಲು. ಮೆಂಡಲ್‌ನ ಅನುಪಾತ 3:1, 9:3:3:1 ಅಂತ ಸುಮ್ನೆ ಹೇಳಿಕೊಂಡರೆ ಲೆಕ್ಕ ಬರುವುದಿಲ್ಲ. ಎಬಿ ರಕ್ತದ ಗುಂಪಿನ ತಾಯಿ, ಓ ಗುಂಪಿನ ತಂದೆ, ಮಗುವಿನ ಗುಂಪು ಯಾವುದು? ಪನೆಟ್ ಚೌಕ (ತಂದೆ ತಾಯಿಯ ಜೀನ್‌ಗಳನ್ನು ಕೂಡಿಸಿ ನೋಡುವ ಕೋಷ್ಟಕ) ಹಾಕಿದರೆ ಎ ಅಥವಾ ಬಿ ಮಾತ್ರ ಬರುತ್ತದೆ, ತಂದೆ ತಾಯಿ ಇಬ್ಬರ ಗುಂಪೂ ಬರುವುದಿಲ್ಲ. ಇಂಥವನ್ನು ಬೇರೆ ಬೇರೆ ರೀತಿಯಲ್ಲಿ ಬಿಡಿಸುತ್ತಾ ಹೋಗಬೇಕು, ಉತ್ತರ ನೋಡುವ ಮೊದಲು ಕಾರಣವನ್ನು ಪೂರ್ತಿ ವಾಕ್ಯದಲ್ಲಿ ಬರೆಯಬೇಕು. ಪತ್ರಿಕೆಗಳನ್ನು ಕೊನೆಯ ರಾತ್ರಿಗೆ ಇಟ್ಟುಕೊಳ್ಳಬೇಡಿ. ಒಂದನ್ನು ಮೊದಲೇ ಬಿಡಿಸಿದರೆ ಯಾವ ಪಾಠಕ್ಕೆ ಖಾಲಿ ಹಾಳೆ ಬೇಕು, ಯಾವುದಕ್ಕೆ ಕಾರ್ಡ್ ಸಾಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.