ಕಚೇರಿಗೆ ಹತ್ತಿರದ ಚಿಕ್ಕ ಮನೆಯೋ, ರೈಲು ಹೊರಡುವಲ್ಲಿನ ದೊಡ್ಡ ಮನೆಯೋ?

ಬೆಲೆ ನೋಡಿದರೆ ರೈಲು ಹೊರಡುವ, ಅಂದರೆ ಮಾರ್ಗದ ತುದಿಯ ನಿಲ್ದಾಣದ ಮನೆಯೇ ಸಾಮಾನ್ಯವಾಗಿ ಅಗ್ಗ. ಆದರೆ ಸಮಯವನ್ನೂ ಲೆಕ್ಕ ಹಾಕಿ: ಹೋಗಲು 20, ಬರಲು 20 ನಿಮಿಷ ಹೆಚ್ಚಾದರೆ 22 ಕೆಲಸದ ದಿನಗಳಲ್ಲಿ 14 ಗಂಟೆಗೂ ಮೀರಿ ಕಳೆದುಹೋಗುತ್ತದೆ. ಹಾಗೆಂದು ದೂರವನ್ನು ತಳ್ಳಿಹಾಕಬೇಡಿ. ರೈಲು ಹೊರಡುವಲ್ಲಿ ಹತ್ತಿದವರಿಗೆ ಕಿಟಕಿ ಪಕ್ಕದ ಸೀಟು ಸಿಗಬಹುದು. ನಡುವೆ ಹತ್ತಿದವರಿಗೆ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಹಿಡಿಕೆ, ಬಾಗಿಲ ಬಳಿ ನಿಂತೇ ಪ್ರಯಾಣ. ಬೆನ್ನುನೋವಿದ್ದವರಿಗೆ ಇದು ಸಣ್ಣ ಮಾತಲ್ಲ.

ಚಿಕ್ಕ ಮಕ್ಕಳಿರುವವರು, ತಡರಾತ್ರಿ ಕೆಲಸ ಮುಗಿಸುವವರು ಹತ್ತಿರದ್ದನ್ನೇ ಆರಿಸಿಕೊಳ್ಳಲಿ ಎನ್ನುತ್ತೇನೆ. ಕೊನೆಯ ರೈಲು ತಪ್ಪಿದರೂ ಮನೆ ಸೇರಬಹುದು. ವಾರಕ್ಕೆರಡು ದಿನ ಮಾತ್ರ ಕಚೇರಿಗೆ ಹೋಗುವವರಿಗೆ ದೂರದ ಮನೆ ಒಗ್ಗುತ್ತದೆ. ಮುಂಗಡ ಕೊಡುವ ಮುನ್ನ ಒಂದು ಸೋಮವಾರ ಬೆಳಗ್ಗೆ ಆ ಮನೆಯ ಬಾಗಿಲಿನಿಂದ ಕಚೇರಿಯವರೆಗೆ ಹೋಗಿ ನೋಡಿ.