ಇಂಡಕ್ಷನ್ ಒಲೆಯೊಂದಿಗೆ ನಾಲ್ಕು ವರ್ಷ

2000 ವ್ಯಾಟ್‌ನ ಇಂಡಕ್ಷನ್ ಒಲೆಯನ್ನು ನಾಲ್ಕು ವರ್ಷಗಳಿಂದ ದಿನಕ್ಕೆರಡು ಹೊತ್ತು ಬಳಸುತ್ತಿದ್ದೇನೆ. ಮೊದಲ ಆರು ತಿಂಗಳು ಅದನ್ನು ಬೈಯುತ್ತಲೇ ಅಡುಗೆ ಮಾಡಿದೆ. ಅಡುಗೆ ತಳ ಹಿಡಿಯುತ್ತಿತ್ತು, ಎಣ್ಣೆ ಹೊಗೆಯಾಡುತ್ತಿತ್ತು. ಈ ಒಲೆ ತಾನು ಕಾದು ಪಾತ್ರೆಯನ್ನು ಕಾಯಿಸುವುದಿಲ್ಲ. ಗಾಜಿನ ಕೆಳಗಿನ ತಾಮ್ರದ ಸುರುಳಿಯ ಕಾಂತಕ್ಷೇತ್ರವು ಪಾತ್ರೆಯ ತಳದಲ್ಲೇ ಶಾಖ ಹುಟ್ಟಿಸುತ್ತದೆ. ಇದು ಅರ್ಥವಾದ ಮೇಲೆ ಒಲೆಯನ್ನು ಬೈಯುವುದು ಬಿಟ್ಟು ಪಾತ್ರೆಗಳನ್ನು ನೋಡಿದೆ.

ಆಯಸ್ಕಾಂತ ಅಂಟುವ ತಳವಿದ್ದರೆ ಮಾತ್ರ ಪಾತ್ರೆ ಈ ಒಲೆಗೆ ಸರಿ, ಹಾಗಾಗಿ ಒಂದೊಂದಕ್ಕೂ ಆಯಸ್ಕಾಂತ ಹಿಡಿದೆ. ಅಲ್ಯೂಮಿನಿಯಂ ಪಾತ್ರೆಗಳಿಗಿರಲಿ, ಕೆಲವು ಸ್ಟೀಲ್ ಪಾತ್ರೆಗಳಿಗೂ ಅದು ಅಂಟಲಿಲ್ಲ. ಅಂಟಿದರೂ ತಳ ಸಮತಟ್ಟಾಗಿರಬೇಕು. ಬಿಸಿ ಅಳೆಯುವ ಸಂವೇದಕ ಗಾಜಿನ ಅಡಿಯಲ್ಲಿರುವುದರಿಂದ, ಡೊಂಕು ತಳದ ನಿಜವಾದ ಬಿಸಿ ಅದಕ್ಕೆ ತಿಳಿಯುವುದಿಲ್ಲ. ಪರದೆಯ ಮೇಲಿನ 180 ಡಿಗ್ರಿಯನ್ನು ನಂಬಿ ಎಣ್ಣೆ ಇಟ್ಟು ಪಕ್ಕದ ಕೋಣೆಗೆ ಹೋದ ದಿನ ಅಡುಗೆಮನೆಯೆಲ್ಲ ಹೊಗೆಯಾಗಿತ್ತು. ಅಂದಿನಿಂದ ಖಾಲಿ ಪಾತ್ರೆಯನ್ನು ಕಾಯಿಸುವುದೇ ಇಲ್ಲ. ಎಣ್ಣೆಯನ್ನು 600 ವ್ಯಾಟ್‌ನಲ್ಲಿ ಕಾಯಿಸುತ್ತೇನೆ, ಮುಗಿಯುವವರೆಗೆ ಕದಲುವುದಿಲ್ಲ. ಪೂರ್ಣ ಶಕ್ತಿ ನೀರಿಗೆ ಮಾತ್ರ.

ಎರಡನೆಯ ವರ್ಷ ಒಲೆ ನಡುನಡುವೆ ತಾನಾಗಿ ಆರತೊಡಗಿತು. ಬಿಚ್ಚಿಸಿದಾಗ ಫ್ಯಾನಿನ ರೆಕ್ಕೆಗಳಲ್ಲಿ ಜಿಡ್ಡು ಮೆತ್ತಿಕೊಂಡಿತ್ತು. ಒಲೆಯಡಿ ಬಟ್ಟೆ ಹಾಸಿ, ಗೋಡೆಗೆ ಒತ್ತಿಟ್ಟು ಗಾಳಿಯ ದಾರಿಯನ್ನು ನಾನೇ ಮುಚ್ಚಿದ್ದೆ. ಅಡುಗೆ ಮುಗಿದೊಡನೆ ಗೋಡೆಯ ಸ್ವಿಚ್ಚನ್ನೂ ಆರಿಸುತ್ತಿದ್ದೆ. ಒಳಗಿನ ಎಲೆಕ್ಟ್ರಾನಿಕ್ ಭಾಗಗಳು ತಣಿಯಲೆಂದೇ ಆ ಫ್ಯಾನ್ ಮತ್ತಷ್ಟು ಹೊತ್ತು ತಿರುಗುತ್ತದೆ. ಈಗ ಅದು ನಿಲ್ಲುವವರೆಗೆ ಕಾಯುತ್ತೇನೆ. ಗಾಜು ಆಗಲೂ ಕೈ ಸುಡುವಷ್ಟು ಬಿಸಿಯಿರಬಹುದು, ಪಾತ್ರೆಯ ಶಾಖ ಅದಕ್ಕಿಳಿದಿರುತ್ತದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಲೇಬಾರದು.

230 ವೋಲ್ಟ್‌ನಲ್ಲಿ ಈ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಸಾಧಾರಣ ಎಕ್ಸ್‌ಟೆನ್ಶನ್ ವೈರ್ ಬೇಡವೇ ಬೇಡ. ಗಾಜು ಬಿರುಕು ಬಿಟ್ಟರೆ ಪ್ಲಗ್ ತೆಗೆದುಬಿಡಿ. ಉಕ್ಕಿದ ನೀರು ಒಳಗಿಳಿದರೆ ಶಾಕ್ ಹೊಡೆಯಬಹುದು. ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳಿಯೇ ಬಳಸಲಿ.

ನನಗೆ ಇಂದಿಗೂ ಸಮಾಧಾನವಿಲ್ಲದ್ದು ಸಣ್ಣ ಉರಿ. 200 ವ್ಯಾಟ್ ಎಂದು ತೋರಿಸುತ್ತಲೇ ಒಲೆ ಕೆಲವು ಸೆಕೆಂಡು ಜೋರಾಗಿ ಕಾಯಿಸಿ, ಮತ್ತೆ ಕೆಲವು ಸೆಕೆಂಡು ಸುಮ್ಮನಾಗುತ್ತದೆ. ಹಾಲು ಉಕ್ಕುತ್ತದೆ, ಇಳಿಯುತ್ತದೆ, ಮತ್ತೆ ಉಕ್ಕುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಈ ಏರಿಳಿತ ಸ್ವಲ್ಪ ತಗ್ಗುತ್ತದೆ. ಮುಂದೆ ಇನ್ನೊಂದು ಇಂಡಕ್ಷನ್ ಒಲೆಯನ್ನೇ ಕೊಳ್ಳುತ್ತೇನೆ, ಆದರೆ ಸಣ್ಣ ಉರಿಯನ್ನು ಎಡೆಬಿಡದೆ ಕೊಡುವಂಥದ್ದನ್ನು.